ಮೀನಿನ ಮೈಮೇಲಿನ ಶ್ರೀ

ಸಿಕ್ಲಿಡ್ ಕುಲದ ಮೀನಿಗೆ ಮುಖದ ಒಂದೊಂದು ಪಕ್ಕದಲ್ಲಿ ಮೂಗಿನ ತೂತು ಒಂದೇ ಇರುತ್ತದೆ. ಬೇರೆ ಬಹುಪಾಲು ಮೀನುಗಳಿಗೆ ಎರಡೆರಡು. ಇದನ್ನು ನನಗೆ ತೋರಿಸಿದವರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟ ಮೇಷ್ಟ್ರು. ತೋರಿಸಿದ್ದು ಗಾಜಿನ ತೊಟ್ಟಿಯ ಬಣ್ಣದ ಮೀನಿನಲ್ಲಿ ಅಲ್ಲ. ಮಾರಿಕಣಿವೆಯ ಅಣೆಕಟ್ಟೆಯ ಕೆಳಗೆ ಒಬ್ಬಾಕೆ ಬುಟ್ಟಿಯಲ್ಲಿಟ್ಟು ಮಾರುತ್ತಿದ್ದ ಜಿಲೇಬಿ ಮೀನಿನಲ್ಲಿ. ಮೇಷ್ಟ್ರು ಒಂದನ್ನು ಕೊಂಡು, ಅಲ್ಲೇ ಕಲ್ಲಿನ ಮೇಲೆ ಮಲಗಿಸಿ, ಪೆನ್ನಿನ ತುದಿಯಿಂದ ಆ ಒಂದೇ ತೂತನ್ನು ತೋರಿಸಿದರು. ಮೀನು ಇನ್ನೂ ಬಾಯಿ ಬಿಡುತ್ತಿತ್ತು.

ಮಾರುವಾಕೆ ಸ್ವಲ್ಪ ಹೊತ್ತು ನೋಡಿ, "ಮೂಗು ನೋಡಾಕೆ ತಗಂಡ್ರಾ ಸಾ? ಸಾರು ಮಾಡಾದಿಲ್ವಾ?" ಎಂದಳು.

"ಇದು ಆ ಗಾಜಿನ ಪೆಟ್ಟಿಗೇಲಿ ಸಾಕ್ತಾರಲ್ಲ, ಆಸ್ಕರ್ ಮೀನು, ಅದರ ಚಿಕ್ಕಪ್ಪನ ಮಗ ಕಣಮ್ಮಾ."

"ಯಾರ ಮಗ ಆದ್ರೇನು ಬಿಡ್ರಿ. ಖಾರ ಹಾಕಿದ್ರೆ ಬೇಯಾಕಿಲ್ವಾ?"

ನಾನು ನಕ್ಕೆ. ಮೇಷ್ಟ್ರು ನಗಲಿಲ್ಲ. ಅವರು ಗುರುತು ಹಿಡಿಯುವ ವಿಷಯದಲ್ಲಿ ಯಾರ ನಗೆಯನ್ನೂ ಸಹಿಸುವವರಲ್ಲ.

ಆಗ ಅವರು ನಿವೃತ್ತರಾಗಿದ್ದರು. ಚಂದ್ರವಳ್ಳಿ ರಸ್ತೆಯ ಕಡೆ ಮನೆ. ನಾನು ಚಿತ್ರದುರ್ಗದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಮನೆಯಲ್ಲಿ ತೊಟ್ಟಿ ಇಟ್ಟ ಮೇಲೆ ಅವರ ಬಳಿ ಹೋಗಿಬರುವುದು ಮತ್ತೆ ಶುರುವಾಗಿತ್ತು. ಅವರು ಕಲಿಸಿದ್ದು ಒಂದೇ ಪಾಠ, ಬೇರೆ ಬೇರೆ ಮೀನಿನಲ್ಲಿ: ಬಣ್ಣವನ್ನು ನಂಬಬೇಡ. ಸಿಕ್ಲಿಡ್‌ನ ಬಣ್ಣ ಸಿಟ್ಟು ಬಂದಾಗ ಒಂದು, ಹೆದರಿದಾಗ ಒಂದು, ಮರಿ ಕಾಯುವಾಗ ಇನ್ನೊಂದು. ಹಾಕಿದ ಆಹಾರಕ್ಕೆ ಕೆಂಪಾಗುತ್ತದೆ, ತೊಟ್ಟಿಯ ದೀಪಕ್ಕೆ ನೀಲಿಯಾಗುತ್ತದೆ. ಬಾಯಿ ಮೇಲಕ್ಕೆ ತಿರುಗಿದೆಯೋ ಕೆಳಕ್ಕೋ ನೋಡು. ಬೆನ್ನಿನ ರೆಕ್ಕೆಯ ಮುಳ್ಳು ನೋಡು. ಮೈಯ ಪಕ್ಕದಲ್ಲಿ ಓಡುವ ಗೆರೆ ನಡುವೆ ತುಂಡಾಗಿ ಕೆಳಗಿಳಿದು ಮುಂದುವರಿಯುತ್ತದಲ್ಲ, ಅದು ನೋಡು. ಆಫ್ರಿಕದ ಸರೋವರದ ಹಳದಿ, ನೀಲಿ ಮೀನುಗಳಲ್ಲಿ ಗಂಡಿನ ಕೆಳರೆಕ್ಕೆಯ ಮೇಲೆ ಮೊಟ್ಟೆಯಂಥ ಚುಕ್ಕೆಗಳಿರುತ್ತವೆ, ಅದು ನೋಡು. ಇವೆಲ್ಲ ಆದ ಮೇಲೆ ಬೇಕಾದರೆ ಬಣ್ಣ ನೋಡು.

ನಾವು ಇಬ್ಬರೂ ಹೋಗುತ್ತಿದ್ದದ್ದು ದುರ್ಗದ ಪೇಟೆಯ ಒಂದು ಅಂಗಡಿಗೆ. ಅಂಗಡಿಯವರನ್ನು ಎಲ್ಲರೂ ಭಾಯಿ ಎನ್ನುತ್ತಿದ್ದರು. ಅವರ ಮನೆತನದವರು ತಲೆಮಾರುಗಳಿಂದ ಊರಿನಲ್ಲಿ ತಗಡಿನ ಕೆಲಸ ಮಾಡಿಕೊಂಡು ಬಂದವರು. ಇವರು ಮೊದಲು ಗಾಜಿನ ತೊಟ್ಟಿಗೆ ಚೌಕಟ್ಟು ಕಟ್ಟಿಕೊಡುತ್ತಿದ್ದು, ಆಮೇಲೆ ಮೀನಿಗೇ ಇಳಿದಿದ್ದರು. ಗಾಳಿ ತುಂಬಿದ ಚೀಲಗಳಲ್ಲಿ ಮೀನು ಹಿರಿಯೂರಿನವರೆಗೆ ಬಸ್ಸಿನಲ್ಲಿ ಬರುತ್ತಿತ್ತು. ಹೆದ್ದಾರಿಯ ಬದಿಯಲ್ಲಿ ಇಳಿಸಿಕೊಂಡು ಇವರು ತರುತ್ತಿದ್ದರು.

ಆ ಅಂಗಡಿಯಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ಮೊದಲೇ ಹೇಳಬೇಕು. ಒಬ್ಬ ತಂದೆ ತನ್ನ ಪುಟ್ಟ ಮಗಳಿಗೆ ಪ್ಯಾರೆಟ್ ಮೀನು ಕೊಡಿಸಿದ್ದ. ಬಾಲವಿಲ್ಲದ, ಹೃದಯದ ಆಕಾರದ, ಕಿತ್ತಳೆ ಬಣ್ಣದ ಮೀನು. ಹುಡುಗಿ ಚೀಲವನ್ನು ಎದೆಗೆ ಒತ್ತಿ ಹಿಡಿದು ಹೊರಡುವುದರಲ್ಲಿದ್ದಳು. ಮೇಷ್ಟ್ರು ಅವಳನ್ನು ನಿಲ್ಲಿಸಿ, "ಈ ಆಕಾರದ ಮೀನು ಯಾವ ಹೊಳೆಯಲ್ಲೂ ಇಲ್ಲ ಪುಟ್ಟಿ. ಇದು ಮರಿ ಇದ್ದಾಗ ಬಾಲಾನ ಬ್ಲೇಡಿನಲ್ಲಿ ಕುಯ್ದಿದ್ದಾರೆ. ಇಲ್ಲಿ ನೋಡು, ಗಾಯ ಮಾಯ್ದಿರೋ ಗುರುತು," ಎಂದರು. ಹುಡುಗಿ ನೋಡಿದಳು. ಚೀಲವನ್ನು ನೆಲದ ಮೇಲೆ ಇಟ್ಟು ಅಳತೊಡಗಿದಳು. ತಂದೆ, "ಏನ್ ಸಾರ್ ನೀವು, ಮಗು ಮುಂದೆ," ಎಂದ.

"ನಾನು ಹೇಳಿದ್ದರಲ್ಲಿ ಸುಳ್ಳೇನಿದೆ?" ಎಂದರು ಮೇಷ್ಟ್ರು. ಅವರಿಗೆ ಸಿಟ್ಟೂ ಇರಲಿಲ್ಲ, ಸಂತೋಷವೂ ಇರಲಿಲ್ಲ. ಮೀನಿನ ಗುರುತನ್ನು ಸರಿಪಡಿಸಿದ ನೆಮ್ಮದಿ ಮಾತ್ರ ಇತ್ತು.

ಅವರು ಹೆಚ್ಚು ತಾತ್ಸಾರ ಮಾಡುತ್ತಿದ್ದದ್ದು ಫ್ಲವರ್‌ಹಾರ್ನ್ ಎಂಬ ಮೀನನ್ನು. ಹಣೆಯ ಮೇಲೆ ದೊಡ್ಡ ಗುಬುಟು, ಮೈಯ ನಡುವೆ ಕರಿಯ ಮಚ್ಚೆಗಳ ಸಾಲು. ನಾಲ್ಕಾರು ಜಾತಿಯ ಸಿಕ್ಲಿಡ್‌ಗಳನ್ನು ಮನುಷ್ಯರು ಬೆರೆಸಿ ಮಾಡಿದ ಮೀನು ಅದು. "ಇದಕ್ಕೆ ಹೊಳೆ ಇಲ್ಲ, ಊರಿಲ್ಲ. ಏನಂತ ಗುರುತು ಹಿಡಿಯೋದು?" ಎನ್ನುತ್ತಿದ್ದರು. ಆದರೆ ಅಂಗಡಿ ನಡೆಯುತ್ತಿದ್ದದ್ದೇ ಅದರಿಂದ. ಅದು ವಾಸ್ತು ಮೀನು ಎಂದು ಜನ ನಂಬಿದ್ದರು. ಕರಿಯ ಮಚ್ಚೆಗಳು ಅಕ್ಷರದಂತೆ ಕಂಡರಂತೂ ಮನೆಗೆ ದೇವರೇ ಬಂದಂತೆ. ಕೆಲವರಿಗೆ ಓಂ ಕಾಣುತ್ತಿತ್ತು, ಕೆಲವರಿಗೆ ಶ್ರೀ. ಭಾಯಿಯ ಕಡೆಯ ಗಿರಾಕಿಗಳಿಗೆ ಉರ್ದು ಅಕ್ಷರ ಕಾಣುತ್ತಿತ್ತು. ಬಂದವರ ಭಾಷೆಯಲ್ಲೇ ಮೀನು ಬರೆದುಕೊಂಡಿರುತ್ತಿತ್ತು.

"ನನ್ ಮೀನು ಮೂರ್ ಭಾಷೆ ಬರೀತೈತೆ ಮೇಡಂ," ಎನ್ನುತ್ತಿದ್ದರು ಭಾಯಿ. "ನಾನು ಒಂದರಾಗೂ ಪಾಸಾಗ್ಲಿಲ್ಲ."

ಹೊಸದುರ್ಗದಿಂದ ಒಬ್ಬ ತಾಯಿ, ಒಬ್ಬ ಮಗ ಬಂದದ್ದು ಇಂಥ ಮೀನಿಗೇ. ಮಗನಿಗೆ ಹೊಸದುರ್ಗದಲ್ಲಿ ಟೈಲ್ಸ್ ಅಂಗಡಿ. ತಾಯಿ ಐವತ್ತರ ಆಚೀಚೆಯ ಹೆಂಗಸು. ಗಂಡ ತೀರಿಹೋದ ಮೇಲೆ ಮನೆ, ವ್ಯಾಪಾರ ಎರಡನ್ನೂ ಕೈಯಲ್ಲಿ ಹಿಡಿದುಕೊಂಡವರು ಎಂದು ಮಾತಿನಲ್ಲೇ ತಿಳಿಯುತ್ತಿತ್ತು. ಮಗ ಬಾಯಿ ತೆರೆಯುವ ಮೊದಲು ತಾಯಿಯ ಮುಖ ನೋಡುತ್ತಿದ್ದ. ಮೇಷ್ಟ್ರು ಅಲ್ಲೇ ಕೂತಿದ್ದರಿಂದ ಭಾಯಿ, "ಸಾರ್‌ನೇ ಕೇಳ್ರಿ, ಅವರು ಆರಿಸಿದ್ ಮೀನು ಸಾಯಲ್ಲ," ಎಂದರು. ಮೇಷ್ಟ್ರು ಅಕ್ಷರದ ಮಾತಿಗೆ ಹೋಗದೆ, ಗಟ್ಟಿಮುಟ್ಟಾಗಿ ಈಜುತ್ತಿದ್ದ ಒಂದನ್ನು ತೋರಿಸಿದರು. ತಾಯಿ ಬಗ್ಗಿ ನೋಡಿ, "ಅಯ್ಯೋ, ಶ್ರೀ ಐತೆ ಕಣೋ!" ಎಂದು ಅಲ್ಲೇ ಕೈ ಮುಗಿದರು. ಮೇಷ್ಟ್ರು ತಮ್ಮ ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡರು. ತಾವು ಆರಿಸಿಕೊಟ್ಟ ಪ್ರತಿ ಮೀನಿನ ಎರಡೂ ಪಕ್ಕದ ಫೋಟೋ ಇಟ್ಟುಕೊಳ್ಳುವುದು ಅವರ ರೂಢಿ.

ಅದಾದ ಸ್ವಲ್ಪ ಕಾಲದ ಮೇಲೆ ಆ ಮಗನಿಗೆ ಮದುವೆಯಾಯಿತು. ಸೊಸೆ ಹೊಳಲ್ಕೆರೆ ಕಡೆಯ ತಾಳ್ಯದವಳು. ಇದೆಲ್ಲ ನಮಗೆ ತಿಳಿದದ್ದು ಮುಂದಿನ ವರ್ಷ, ಆ ತಾಯಿ ಭಾಯಿಗೆ ಫೋನು ಮಾಡಿದಾಗ.

ಮೀನಿನ ಮೈಮೇಲಿನ ಶ್ರೀ ಅಳಿಸಿಹೋಗಿದೆ ಎನ್ನುವುದು ಅವರ ಮಾತು. ಸೊಸೆ ಹೇಳುವುದು ಬೇರೆ. ತಾನೊಬ್ಬಳೇ ಮನೆಯಲ್ಲಿದ್ದಾಗ ಕರೆಂಟು ಹೋಗಿ, ಗಾಳಿಯ ಪಂಪು ನಿಂತು ಮೀನು ಸತ್ತಿತು, ಹೆದರಿಕೊಂಡು ದುರ್ಗಕ್ಕೆ ಬಂದು ಅಂಥದ್ದೇ ಇನ್ನೊಂದನ್ನು ತಂದು ಬಿಟ್ಟೆ ಎನ್ನುತ್ತಾಳೆ. ಸತ್ತದ್ದನ್ನು ಕರಿಬೇವಿನ ಗಿಡದ ಬುಡದಲ್ಲಿ ಹೂತೆ ಎಂದಳಂತೆ. ಬುಡ ಅಗೆದು ನೋಡಿದರೆ ಏನೂ ಇಲ್ಲ. ಬೆಕ್ಕು ತಿಂದಿರಬೇಕು ಎಂದಳಂತೆ. ನಿಮ್ಮ ಅಂಗಡಿಯಿಂದಲೇ ಒಯ್ದಳೇ, ಹೇಳಿ ಎಂದು ಕೇಳಿದರು.

ಭಾಯಿ ಫೋನಿನಲ್ಲಿ, "ದಿನಾ ಎಷ್ಟೋ ಜನ ಬರ್ತಾರೆ ಅಮ್ಮಾ. ಬುರ್ಖಾ ಹಾಕ್ಕಂಡೋರು, ಮಾಸ್ಕ್ ಹಾಕ್ಕಂಡೋರು, ನನಗೆ ಮೀನಿನ ಮುಖ ನೆನಪಿರ್ತೈತೆ, ಜನದ್ದು ಇರಲ್ಲ," ಎಂದರು. ಫೋನು ಇಟ್ಟು ನಮ್ಮ ಕಡೆ ತಿರುಗಿ, "ಮೇಷ್ಟ್ರನ್ನ ಕಳಿಸ್ರಿ ಅಂತಾರೆ. ಬ್ಯಾಡ ಬಿಡ್ರಿ ಸಾರ್. ಮನೆ ಒಳಗಿನ ಮಾತು," ಎಂದರು.

"ಮೀನಿನ ಮಾತು," ಎಂದರು ಮೇಷ್ಟ್ರು. "ಅದೇ ಮೀನೋ ಬೇರೆಯೋ ಹೇಳೋದಕ್ಕೇನು? ಫೋಟೋ ಇದೆ."

ಒಂದು ಭಾನುವಾರ ಹೋದೆವು. ಕಾರು ಅವರದು, ಓಡಿಸುವವಳು ನಾನು. ದಾರಿಯುದ್ದಕ್ಕೂ ಅವರು ಉತ್ಸಾಹದಲ್ಲಿದ್ದರು. ಒಂದು ಜಾತಿಯನ್ನು ಇನ್ನೊಂದು ಜಾತಿಯಿಂದ ಬೇರೆ ಮಾಡುವುದು ಸುಲಭ, ಒಂದೇ ಜಾತಿಯಲ್ಲಿ ಒಂದು ಮೀನನ್ನು ಇನ್ನೊಂದರಿಂದ ಬೇರೆ ಮಾಡುವುದೇ ನಿಜವಾದ ಪರೀಕ್ಷೆ ಎಂದರು.

ಮನೆ ಹೊಸದು. ನೆಲ, ಗೋಡೆ ಎಲ್ಲ ಸ್ವಂತ ಅಂಗಡಿಯ ಟೈಲ್ಸು. ನಡುಮನೆಯ ಈಶಾನ್ಯ ಮೂಲೆಯಲ್ಲಿ ತೊಟ್ಟಿ. ಗಾಜಿಗೆ ಕುಂಕುಮ ಹಚ್ಚಿದ್ದರು, ಮುಂದೆ ಊದಿನಕಡ್ಡಿಯ ಬೂದಿ ಬಿದ್ದಿತ್ತು. ಒಳಗೆ ಮೀನು ಒಂಟಿಯಾಗಿತ್ತು. ಅದು ಒಂಟಿಯಾಗಿಯೇ ಇರಬೇಕು, ಜೊತೆಗೆ ಏನನ್ನು ಬಿಟ್ಟರೂ ಕೊಲ್ಲುತ್ತದೆ. ಮೈ ಈಗ ಹಳದಿ, ಅಲ್ಲಲ್ಲಿ ಕೆಂಪು. ಕರಿಯ ಮಚ್ಚೆ ಒಂದೂ ಇರಲಿಲ್ಲ.

"ಬರ್ರಿ ಮೇಷ್ಟ್ರೆ, ಕುಂತ್ಕಳ್ರಿ," ಎಂದರು ತಾಯಿ. "ಊರಿನೋರೆಲ್ಲ ಬಂದು ಕೈ ಮುಗಿದು ಹೋಗ್ತಿದ್ರು. ಈಗ ಬಂದೋರು ಎಲ್ಲಿ ಶ್ರೀ ಅಂತಾರೆ. ಏನು ಹೇಳ್ಲಿ? ನೀವೇ ನೋಡಿ ಹೇಳ್ರಿ. ಇದು ಅದೇ ಮೀನಾ, ಅಲ್ವಾ? ಎರಡರಾಗೆ ಒಂದು."

ಮಗ ಬಾಗಿಲ ಬಳಿ ನಿಂತು ಮೊಬೈಲು ನೋಡುತ್ತಿದ್ದ. ಸೊಸೆ ಕಾಣಲಿಲ್ಲ. ತಾಯಿ ಒಳಗಿನ ಕಡೆ ತಿರುಗಿ, "ಏನೇ, ಕಾಫಿ ಬರ್ತೈತಾ, ಇಲ್ಲ ಅದೂ ಸತ್ತೋತಾ?" ಎಂದರು.

ನಾನು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. ಬಲಗೈಯ ಬೆರಳುಗಳ ಮೇಲೆ ಸಣ್ಣ ಸಣ್ಣ ಗಾಯದ ಕಲೆ. ನಾನು ನೋಡಿದ್ದನ್ನು ಕಂಡು, "ಅದು ಕಚ್ಚಿದ್ದು ಅಕ್ಕಾ," ಎಂದಳು. "ದಿನಾ ಬೆಳಿಗ್ಗೆ ಕನ್ನಡಿ ಹಿಡೀಬೇಕು. ಕನ್ನಡಿಯಾಗಿನ ಮೀನು ನೋಡಿ ಸಿಟ್ಟಾದ್ರೆ ತಲೆ ದಪ್ಪ ಆಗ್ತೈತಂತೆ. ಗುಬುಟು ದೊಡ್ಡದಾದಷ್ಟೂ ಮನೆಗೆ ಒಳ್ಳೇದಂತೆ. ನೀರು ಬದಲಾಯಿಸುವಾಗ ಆ ಸಿಟ್ಟೆಲ್ಲ ನನ್ನ ಕೈಮೇಲೆ."

ನಾನು ಏನು ಹೇಳಲಿ ಎಂದು ಯೋಚಿಸುತ್ತಿದ್ದಾಗ ಅವಳು ಒಲೆಯ ಉರಿ ಸಣ್ಣ ಮಾಡಿ, ಬಾಗಿಲ ಕಡೆ ಒಮ್ಮೆ ನೋಡಿದಳು.

"ಅಕ್ಕಾ, ಬೇರೆ ಮೀನು ಅಂತ ಹೇಳಿಸ್ರಿ."

"ನಿಜ ಏನಮ್ಮಾ?"

"ಅದೇ ಮೀನು. ಸತ್ತೂ ಇಲ್ಲ, ಏನೂ ಇಲ್ಲ. ನಾನು ದುರ್ಗಕ್ಕೆ ಬಂದೂ ಇಲ್ಲ."

"ಮತ್ತೆ ಯಾಕೆ ಹಾಗೆ ಹೇಳಿದೆ?"

"ವಾಸ್ತು ಮೀನು ಸತ್ರೆ ಮನೆ ಕಂಟಕ ಹೊತ್ಕಂಡು ಹೋತು ಅಂತಾರೆ. ನನ್ನ ಕೈಯಾಗೆ ಸತ್ರೆ ಬೈತಾರೆ. ಸ್ವಲ್ಪ ದಿನ ಮಾತು ಬಿಡ್ತಾರೆ. ಅದು ಕೈತಪ್ಪು. ಬದುಕಿರೋ ಮೀನಿನ ಮೈಮ್ಯಾಲಿನ ಶ್ರೀ, ನಾನು ಈ ಮನೆಗೆ ಕಾಲಿಟ್ಟ ಮ್ಯಾಲೆ ಅಳಿಸ್ತು ಅಂದ್ರೆ ಕಾಲ್ಗುಣ. ಕೈತಪ್ಪಿಗೆ ಬೈಗುಳ ಅಕ್ಕಾ, ಕಾಲ್ಗುಣಕ್ಕೆ ತವರಿನ ಬಸ್ಸು."

ಅಷ್ಟು ಸ್ಪಷ್ಟವಾಗಿ ಅವಳು ಯೋಚಿಸಿಟ್ಟಿದ್ದಳು. ಆ ಮನೆಯಲ್ಲಿ ಯಾವ ತಪ್ಪಿಗೆ ಯಾವ ಶಿಕ್ಷೆ ಎಂದು ಅಳೆದು ನೋಡಿ, ಮಾಡದ ತಪ್ಪುಗಳಲ್ಲಿ ಸಣ್ಣದನ್ನು ಆರಿಸಿಕೊಂಡಿದ್ದಳು. ನಾನು, "ಹೇಳ್ತೀನಿ," ಎಂದೆ. ಅವಳು ಕಾಫಿ ಸೋಸಿದಳು.

ನಾನು ನಡುಮನೆಗೆ ಬರುವಷ್ಟರಲ್ಲಿ ಮೇಷ್ಟ್ರು ಟಾರ್ಚು ಹಿಡಿದು ತೊಟ್ಟಿಯ ಮುಂದೆ ಕೂತಿದ್ದರು.

"ಸಾರ್, ಒಂದು ನಿಮಿಷ ಹೊರಗೆ ಬರ್ತೀರಾ?"

"ತಾಳಮ್ಮಾ. ಮೀನು ಈ ಕಡೆ ತಿರುಗ್ತಾ ಇಲ್ಲ." ಆಮೇಲೆ ತಾಯಿಯ ಕಡೆ ನೋಡಿ, "ಕನ್ನಡಿ ಇದೆಯಾ? ಕನ್ನಡಿ ತೋರಿಸಿದ್ರೆ ರೆಕ್ಕೆ ಅಗಲಿಸುತ್ತೆ," ಎಂದರು.

"ಏ, ಕನ್ನಡಿ ತಗಂಬಾರೇ."

ಅವಳು ತಂದಳು. ಗಾಜಿನ ಪಕ್ಕ ಮಂಡಿಯೂರಿ ಕನ್ನಡಿ ಹಿಡಿದಳು. ಮೀನು ಒಮ್ಮೆಲೇ ತಿರುಗಿ, ಕಿವಿರು ಅಗಲಿಸಿ, ಬೆನ್ನಿನ ರೆಕ್ಕೆಯನ್ನು ನೆಟ್ಟಗೆ ನಿಲ್ಲಿಸಿ ಕನ್ನಡಿಗೆ ಹಾಯ್ದಿತು. ಗಾಜಿಗೆ ಬಾಯಿ ಬಡಿದ ಸದ್ದು ಕೇಳಿಸಿತು. ತನ್ನ ತೀರ್ಪಿಗೆ ತಾನೇ ಕನ್ನಡಿ ಹಿಡಿದು ಕೂತ ಅವಳನ್ನು ನೋಡುತ್ತ ನಾನು ಜೋರಾಗಿಯೇ ಹೇಳಿದೆ:

"ಇದು ಬೇರೆ ಮೀನು ಸಾರ್. ಹಣೆಯೇ ಬೇರೆ ಥರ ಇದೆ."

ಮೇಷ್ಟ್ರು ತಿರುಗಿ ನನ್ನನ್ನು ನೋಡಿದರು. ತರಗತಿಯಲ್ಲಿ ತಪ್ಪು ಉತ್ತರ ಹೇಳಿದವರನ್ನು ನೋಡುತ್ತಿದ್ದ ನೋಟ.

"ಹಣೆ? ಹಣೆ ಬೆಳೆಯುತ್ತೆ, ಇಳಿಯುತ್ತೆ. ಹಣೆ ನೋಡಿ ಗುರುತು ಹೇಳು ಅಂತ ಕಲಿಸಿದ್ನಾ ನಾನು?"

"ಖಚಿತವಾಗಿ ಹೇಳೋಕೆ ಆಗಲ್ಲ ಅಲ್ವಾ ಸಾರ್? ಒಂದು ವರ್ಷದ ಮೇಲೆ..."

"ನಿನಗೆ ಆಗಲ್ಲ. ಬಾ ಇಲ್ಲಿ." ಅವರು ನನ್ನ ತೋಳು ಹಿಡಿದು ಕೂರಿಸಿದರು. ಮೊಬೈಲಿನಲ್ಲಿ ಹಳೆಯ ಫೋಟೋ ತೆರೆದರು. "ಬೆನ್ನಿನ ರೆಕ್ಕೆಯ ನಡುವಿನ ಮುಳ್ಳು ನೋಡು. ಒಂದು ಮುಳ್ಳು ತುದಿಯಲ್ಲಿ ಹಿಂದಕ್ಕೆ ಬಾಗಿದೆ. ಈಗ ಇದರಲ್ಲಿ ನೋಡು. ಇನ್ನು ಎಡ ಕಿವಿರಿನ ಮುಚ್ಚಳದ ಅಂಚು. ಒಂದು ಸಣ್ಣ ಕಚ್ಚು. ಫೋಟೋದಲ್ಲಿ? ಅದೇ ಜಾಗ. ಈಗ ಹೇಳು, ಇದು ಯಾವ ಮೀನು?"

ನಾನು ಫೋಟೋ ಬಿಟ್ಟು ಕನ್ನಡಿ ಹಿಡಿದವಳ ಕಡೆ ನೋಡಿದೆ.

"ಹೇಳಮ್ಮಾ. ಕಣ್ಣಿಗೆ ಕಾಣ್ತಾ ಇಲ್ವಾ?"

ತಾಯಿ ನಕ್ಕರು. "ಪಾಪ, ಮೇಡಂಗೂ ನಮ್ಮ ಸೊಸೆ ಥರಾನೇ ಕಣ್ಣು ಮಂಜು."

"ಅದೇ ಮೀನು," ಎಂದರು ಮೇಷ್ಟ್ರು ಎದ್ದು ನಿಂತು. "ಸಂಶಯವೇ ಇಲ್ಲ. ಯಾವ ಮೀನೂ ಸತ್ತಿಲ್ಲ."

ಹುಡುಗಿ ಕನ್ನಡಿಯನ್ನು ಇನ್ನೂ ಹಿಡಿದೇ ಇದ್ದಳು. ಮೀನು ಇನ್ನೂ ಹಾಯುತ್ತಿತ್ತು. ಯಾರೂ ಕೆಳಗಿಡು ಎನ್ನಲಿಲ್ಲ.

ಮೇಷ್ಟ್ರು ಒಳ್ಳೆಯ ಮನಸ್ಸಿನಿಂದಲೇ ಮುಂದಿನ ಮಾತು ಹೇಳಿದರು. ಫ್ಲವರ್‌ಹಾರ್ನ್‌ನಲ್ಲಿ ಕೆಲವು ವಂಶಗಳಿಗೆ ಬೆಳೆದ ಮೇಲೆ ಕಪ್ಪು ಬಿಟ್ಟುಹೋಗುತ್ತದೆ, ಒಳಗಿನ ಹಳದಿ ಮೇಲೆ ಬರುತ್ತದೆ, ಅದು ಹುಟ್ಟುವಾಗಲೇ ಮೈಯಲ್ಲಿ ಇರುವ ಗುಣ, ಇದರಲ್ಲಿ ಯಾರದೂ ಏನೂ ತಪ್ಪಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದರು. ತಾಯಿ ಪೂರ್ತಿ ಕೇಳಿದರು. ನಡುವೆ ಬಾಯಿ ಹಾಕಲಿಲ್ಲ. ತಲೆಯನ್ನೂ ಆಡಿಸಿದರು.

"ಸರಿ ಮೇಷ್ಟ್ರೆ. ಹೋಗೋದು ಅದರ ಗುಣ, ಹೋತು. ಒಪ್ಕಂಡೆ. ಮದುವೆಗೆ ಮೊದ್ಲು ಇತ್ತಲ್ಲ? ಇವಳು ಹೊಸ್ತಿಲು ದಾಟಿದ ಮ್ಯಾಲೇ ಯಾಕೆ ಹೋಗ್ಬೇಕಾಗಿತ್ತು?"

ಮೇಷ್ಟ್ರು ಬಾಯಿ ತೆರೆದರು. "ಅದು ಕಾಕತಾಳೀಯ..."

"ನಾನು ಓದಿದೋಳಲ್ಲ. ಅದೇ ಮೀನು ಅಂತ ನೀವೇ ಹೇಳಿದ್ರಿ. ನನಗೆ ಅಷ್ಟು ಸಾಕು." ಅವರು ಮಗನ ಕಡೆ ತಿರುಗಿದರು. "ಅವರಪ್ಪನಿಗೆ ಫೋನ್ ಮಾಡೋ. ಹೊಳಲ್ಕೆರೆ ಬಸ್‌ ಸ್ಟ್ಯಾಂಡಿಗೆ ಬರಾಕೆ ಹೇಳು. ಮೇಷ್ಟ್ರು ಹೆಂಗೂ ಆ ದಾರಿಯಾಗೇ ಹೋಗ್ತಾರೆ. ಕಾರಿನಾಗೆ ಜಾಗ ಐತಲ್ಲ?"

ಮಗ ಮೊಬೈಲಿನಿಂದ ಕಣ್ಣು ಎತ್ತಿ, "ಅಮ್ಮಾ, ಊಟ ಆದ ಮ್ಯಾಲೆ..." ಎಂದ.

"ಏನು, ಊಟಕ್ಕೆ ಬಡಿಸಾಕೆ ನಿನ್ನ ಹೆಂಡ್ತಿನೇ ಬೇಕಾ? ನನಗೆ ಕೈಯಿಲ್ವಾ?"

ಅವನು ಫೋನು ಮಾಡಿದ. ಮಾವನಿಗೆ, "ಸ್ವಲ್ಪ ದಿನ ಇಟ್ಕಳ್ರಿ," ಎಂದಷ್ಟೇ ಹೇಳಿದ್ದು ನನಗೆ ಕೇಳಿಸಿತು. ನಾನು, "ಅವಳನ್ನ ಒಂದು ಮಾತು ಕೇಳಿ," ಎಂದೆ. ತಾಯಿ ನನ್ನ ಕಡೆ ನೋಡಿ, ಬಹಳ ಮರ್ಯಾದೆಯಿಂದ, "ಮೇಡಂ, ನೀವು ಸುಳ್ಳು ಹೇಳಿದ್ದನ್ನ ನಾನು ಯಾರಿಗೂ ಹೇಳಲ್ಲ. ಕಾಫಿ ಕುಡೀರಿ," ಎಂದರು.

ಹುಡುಗಿ ಮೆರೂನು ಬಣ್ಣದ ಒಂದು ಪೆಟ್ಟಿಗೆ ತುಂಬಿಕೊಂಡು ಬಂದಳು. ಮದುವೆಯಲ್ಲಿ ತವರಿನವರು ಕೊಟ್ಟದ್ದಿರಬೇಕು, ಚಕ್ರಗಳಿಗೆ ಇನ್ನೂ ಮಣ್ಣು ಹತ್ತಿರಲಿಲ್ಲ. ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದಳು. ಅತ್ತೆ ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ತಲೆಯನ್ನೂ ಮುಟ್ಟಲಿಲ್ಲ. ಮಗ ಪೆಟ್ಟಿಗೆಯನ್ನು ಕಾರಿನವರೆಗೆ ಹೊತ್ತುತಂದ. ಹಿಂದಿನ ಸೀಟಿನಲ್ಲಿ ಅವಳ ಪಕ್ಕ ಇಟ್ಟು, ಬಾಗಿಲು ಸರಿಯಾಗಿ ಹಾಕಿಕೊಂಡಿತೇ ಎಂದು ಎಳೆದು ನೋಡಿ ಒಳಗೆ ಹೋದ.

ಹೊಳಲ್ಕೆರೆಯವರೆಗೆ ಮೇಷ್ಟ್ರು ಅವಳ ಜೊತೆ ಮಾತಾಡುತ್ತಲೇ ಇದ್ದರು. ಸಮಾಧಾನ ಮಾಡುತ್ತಿದ್ದೇನೆ ಎಂದುಕೊಂಡಿದ್ದರು.

"ನೀನು ಏನೂ ತಪ್ಪು ಮಾಡಿಲ್ಲಮ್ಮಾ. ವೈಜ್ಞಾನಿಕವಾಗಿ ನಿನ್ನದು ಏನೂ ಇಲ್ಲ."

"ಹೂಂ ಸರ್."

"ಸುಳ್ಳು ಹೇಳಬಾರದಿತ್ತು. ಸುಳ್ಳು ಹೇಳಿದ್ದರಿಂದ ಅವರಿಗೆ ಅನುಮಾನ ಜಾಸ್ತಿ ಆಯ್ತು."

"ಹೂಂ ಸರ್."

"ನಾನು ನಿಜ ಹೇಳಿದ್ದು ನಿನ್ನ ಒಳ್ಳೇದಕ್ಕೇ."

ಇದಕ್ಕೆ ಅವಳು ಹೂಂ ಎನ್ನಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, "ಸರ್, ಆ ಬಾಗಿದ ಮುಳ್ಳು ನನಗೂ ಗೊತ್ತಿತ್ತು," ಎಂದಳು. "ದಿನಾ ನೋಡ್ತಿದ್ನಲ್ಲ. ನೀವು ನೋಡಲ್ಲ ಅಂದ್ಕಂಡಿದ್ದೆ."

ಮೇಷ್ಟ್ರು ನನ್ನ ಕಡೆ ತಿರುಗಿ, ಮೆಚ್ಚುಗೆಯಿಂದ, "ನೋಡು, ಇವಳಿಗೆ ಕಂಡಿದೆ," ಎಂದರು. ನಾನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ತೆಗೆದಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.

ಬಸ್‌ ಸ್ಟ್ಯಾಂಡಿನಲ್ಲಿ ಅವಳ ತಂದೆ ನಿಂತಿದ್ದರು. ತೋಟದ ಕೆಲಸದಿಂದಲೇ ಎದ್ದು ಬಂದಂತಿತ್ತು, ಹೆಗಲ ಮೇಲೆ ಟವೆಲು, ಪಂಚೆಯ ಅಂಚಿಗೆ ಕೆಸರು. ಮಗಳು ಕಾರಿನಿಂದ ಇಳಿದದ್ದನ್ನು ನೋಡಿ ಮೊದಲು ಸಂತೋಷಪಟ್ಟರು, ಆಮೇಲೆ ಅವಳ ಮುಖ ನೋಡಿದರು.

"ಯಾಕವ್ವಾ? ಅಳಿಯಂದಿರು ಬರ್ಲಿಲ್ವಾ?"

"ಮೀನು ಸತ್ತೋತು ಅಪ್ಪಾ. ನನ್ನ ಕೈಯಾಗೆ. ಅದಕ್ಕೆ ಸಿಟ್ಟಾಗಿದಾರೆ."

ತಂದೆಗೆ ಉಸಿರು ಬಂದಂತಾಯಿತು. "ಅಷ್ಟೇ ತಾನೆ? ಒಂದು ಮೀನು ತಾನೆ? ಇನ್ನೊಂದು ತಂದು ಕೊಡಾಣ ಬಿಡು." ಅವರು ನಗುತ್ತ ನಮ್ಮ ಕಡೆ ತಿರುಗಿ, "ದೊಡ್ಡೋರ ಮನೆ ನೋಡ್ರಿ ಮೇಡಂ, ಮೀನಿಗೂ ತಿಥಿ ಮಾಡ್ತಾರೆ," ಎಂದರು.

ನಾನೂ ನಗಲು ಪ್ರಯತ್ನಿಸಿದೆ. "ಹೌದು, ಸತ್ತುಹೋಯ್ತು," ಎಂದೆ.

ಕಾರಿನ ಇನ್ನೊಂದು ಬಾಗಿಲು ತೆರೆದ ಸದ್ದು ಕೇಳಿತು. ಮೇಷ್ಟ್ರು ಇಳಿದು, ಸುತ್ತಿ ಬಂದು, ತಂದೆಯ ಮುಂದೆ ನಿಂತರು. "ಸಾರ್, ಬನ್ನಿ, ಹೋಗಾಣ," ಎಂದು ಅವರ ತೋಳು ಹಿಡಿದೆ. ಬಿಡಿಸಿಕೊಂಡರು.

"ನೋಡಪ್ಪಾ, ನಿನ್ನ ಮಗಳು ಒಂದು ಪ್ರಾಣಿಯನ್ನ ಕೊಂದಳು ಅಂತ ನೀನು ತಿಳ್ಕೋಬಾರದು. ಅವಳ ಮೇಲೆ ಸುಳ್ಳು ಅಪವಾದ ಇರಬಾರದು. ಮೀನು ಬದುಕಿದೆ. ಚೆನ್ನಾಗಿದೆ. ನಾನೇ ನೋಡಿ ಬಂದೆ." ಮತ್ತೆ ಎಲ್ಲವನ್ನೂ ಹೇಳಿದರು. ಮಚ್ಚೆ ಇದ್ದದ್ದು, ಶ್ರೀ ಎಂದು ಜನ ಓದಿದ್ದು, ಮದುವೆಯಾದ ಮೇಲೆ ಅದು ಹೋದದ್ದು, ವಂಶದ ಗುಣ, ಒಳಗಿನ ಹಳದಿ. ಒಂದು ಮಾತನ್ನೂ ಬಿಡಲಿಲ್ಲ.

ತಂದೆ ಪೂರ್ತಿ ಕೇಳಿದರು. ಅವರ ಮುಖದಲ್ಲಿ ನಗು ಎಲ್ಲಿ ನಿಂತಿತೆಂದು ನಾನು ನೋಡಿದ್ದೇನೆ. ಶ್ರೀ ಎಂಬಲ್ಲಿ ಅಲ್ಲ. ಮದುವೆಯಾದ ಮೇಲೆ ಎಂಬಲ್ಲಿ.

ಅವರು ಟವೆಲಿನಿಂದ ಬಾಯಿ ಒರೆಸಿಕೊಂಡರು. ಅಕ್ಕಪಕ್ಕ ಯಾರಾದರೂ ಕೇಳಿಸಿಕೊಂಡರೇ ಎಂದು ನೋಡಿದರು. ಕಡಲೆಕಾಯಿ ಮಾರುವವನೊಬ್ಬ ನಮ್ಮ ಕಡೆ ಬೆನ್ನು ಹಾಕಿ ನಿಂತಿದ್ದ.

"ಊರಾಗೆ ನೀನೇ ಸಾಯಿಸ್ದೆ ಅಂತ ಹೇಳು," ಎಂದರು ಮಗಳಿಗೆ, ತಗ್ಗಿದ ದನಿಯಲ್ಲಿ. "ನಿಮ್ಮವ್ವನಿಗೂ ಹಂಗೇ ಹೇಳು. ಚಿಕ್ಕೋಳು ಒಬ್ಳು ಅದಾಳೆ ಮನೇಲಿ. ಅಕ್ಕನ ಕಾಲ್ಗುಣ ಹಿಂಗೆ ಅಂತ ಗೊತ್ತಾದ್ರೆ ಅವಳ್ನ ಯಾರು ಕೇಳ್ಕಂಡು ಬರ್ತಾರೆ?"

"ನಾನು ಹಂಗೇ ಹೇಳ್ತಿದ್ನಲ್ಲಪ್ಪಾ," ಎಂದಳು ಅವಳು.

ತಂದೆ ಮೇಷ್ಟ್ರ ಕಡೆ ತಿರುಗಿ ಎರಡೂ ಕೈ ಜೋಡಿಸಿದರು. "ಸ್ವಾಮಿ, ನೀವು ತಿಳಿದೋರು. ನಮ್ಮ ತಾಳ್ಯದ ಕಡೆ ಮಾತ್ರ ಬರಬ್ಯಾಡ್ರಿ. ಕೈ ಮುಗೀತೀನಿ."

ಮೇಷ್ಟ್ರಿಗೆ ಅರ್ಥವಾಗಲಿಲ್ಲ. "ನಾನು ನಿನ್ನ ಮಗಳ ಪರವಾಗಿಯೇ..." ಎಂದು ಶುರುಮಾಡಿದರು. ಅಷ್ಟರಲ್ಲಿ ಬಸ್ಸು ಬಂತು.

ನಾನು ಹಿಂದಿನ ಬಾಗಿಲು ತೆರೆದು ಪೆಟ್ಟಿಗೆ ಎಳೆದೆ. ತಂದೆ ನೋಡಿ ಬೇಡ ಎನ್ನುವಂತೆ ಕೈ ಆಡಿಸಿದರು.

"ಪೆಟ್ಟಿಗೆ ಬ್ಯಾಡ ಮೇಡಂ. ಪೆಟ್ಟಿಗೆ ಸಮೇತ ಇಳಿದ್ರೆ ಊರಿಗೇ ಗೊತ್ತಾಗ್ತೈತೆ. ಬರಿಗೈಯಾಗೆ ಬಂದ್ರೆ ನೋಡಾಕೆ ಬಂದಳು ಅಂತಾರೆ. ನಿಮ್ಮತ್ರನೇ ಇರ್ಲಿ. ಆಮೇಲೆ ಬಂದು ತಗಂಡು ಹೋಗ್ತೀನಿ. ನಿಮ್ಮ ನಂಬರ್ ಕೊಡ್ರಿ."

ಕೊಟ್ಟೆ. ಅವಳು ಪೆಟ್ಟಿಗೆ ತೆರೆದು ಏನನ್ನಾದರೂ ತೆಗೆದುಕೊಳ್ಳುತ್ತಾಳೇನೋ ಎಂದು ಕಾದೆ. ತೆಗೆದುಕೊಳ್ಳಲಿಲ್ಲ. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು, ತವರಿನವರನ್ನು ನೋಡಲು ಹೊರಟವಳು ಕೂರುವ ಹಾಗೆ ಸೆರಗು ಸರಿಮಾಡಿಕೊಂಡಳು.

ದುರ್ಗಕ್ಕೆ ಬರುವ ದಾರಿಯಲ್ಲಿ ಮೇಷ್ಟ್ರು, "ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು?" ಎಂದು ಕೇಳಿದರು. ಏನೂ ಇರಲಿಲ್ಲ. ಹಾಗೆಂದೇ ಹೇಳಿದೆ. ಅವರಿಗೆ ಸಮಾಧಾನವಾಯಿತು. ಆ ದಿನದಿಂದ ನಾನು ಅವರ ಮನೆಗೆ ಹೋಗುವುದು ಕಡಿಮೆಯಾಗಿದೆ. ನನ್ನ ತೊಟ್ಟಿಯ ಮೀನುಗಳನ್ನು ಭಾಯಿಗೆ ಕೊಟ್ಟುಬಿಟ್ಟೆ. ಅವರು ಏನೂ ಕೇಳದೆ ತೆಗೆದುಕೊಂಡರು.

ಪೆಟ್ಟಿಗೆ ನಮ್ಮ ಮನೆಯಲ್ಲೇ ಇದೆ, ಅಟ್ಟದ ಮೇಲೆ. ಬೀಗ ಹಾಕಿಲ್ಲ, ನಾನು ತೆರೆದಿಲ್ಲ. ಒಂದು ಸಲ ಅವಳ ತಂದೆ ಫೋನು ಮಾಡಿದರು. ಮಗಳು ಹೇಗಿದ್ದಾಳೆ ಎಂದು ಕೇಳಿದೆ. "ಅದಾಳೆ," ಎಂದರು. ಹೊಸದುರ್ಗದವರು ಕರೆಯಲು ಬಂದರೇ ಎಂದು ಕೇಳಿದೆ.

"ಪೆಟ್ಟಿಗೆ ಇನ್ನೂ ಅಲ್ಲೇ ಇರ್ಲಿ ಮೇಡಂ. ಚಿಕ್ಕೋಳ ಮದುವೆ ಒಂದು ಆಗಿಬಿಡ್ಲಿ. ಆಮೇಲೆ ಯಾರು ಏನಂದ್ರೂ ಅನ್ಲಿ, ಬಂದು ತಗಂಡು ಹೋಗ್ತೀನಿ."

"ಆಗಲಿ," ಎಂದೆ. "ಗಂಡು ನೋಡ್ತಾ ಇದ್ದೀರಾ?"

"ಎಲ್ಲಿ ಮೇಡಂ," ಎಂದರು ಅವರು. "ಇನ್ನೂ ಹತ್ತನೇ ಕ್ಲಾಸು ಓದ್ತಾ ಅದಾಳೆ."